ಮೂಕಜೀವಿಯ ಭಯ, ನಮ್ಮ ಹೊಣೆ



ತಪ್ಪು ಮಾಡದವನನ್ನು ದಂಡಿಸುವುದು ಅನ್ಯಾಯವೆಂಬುದನ್ನು ನಾವೆಲ್ಲರೂ ಒಪ್ಪುತ್ತೇವೆ. ಆದರೆ ಅದೇ ಅನ್ಯಾಯ ನಮ್ಮ ಮನೆಯಂಗಳದಲ್ಲಿ, ನಮ್ಮ ಕೈಯಿಂದಲೇ ನಡೆದಾಗ ನಮ್ಮ ಗಮನಕ್ಕೆ ಬಾರದೆ ಹೋಗುತ್ತದೆ. ಪಟಾಕಿಯ ಸದ್ದಿಗೆ ಬೆದರಿ ಮಂಚದಡಿಯಲ್ಲಿ ಮೂತ್ರ ಮಾಡಿದ ನಾಯಿಗೆ ಏಟು ಬೀಳುತ್ತದೆ. ಮನೆಯವರೆಲ್ಲ ಭಾನುವಾರದ ಬಲಿಪೂಜೆಗೆ ಹೋದಾಗ ಒಂಟಿತನ ತಾಳಲಾರದೆ ಬಾಗಿಲು ಪರಚಿದ ನಾಯಿ ಮರುದಿನದಿಂದ ಸರಪಳಿಗೆ ಬೀಳುತ್ತದೆ. ಹಟಮಾರಿ, ಪುಕ್ಕಲು ಎಂಬ ಬಿರುದುಗಳೂ ಅದಕ್ಕೆ ಸಲ್ಲುತ್ತವೆ. ಹಾಗಾದರೆ ಭಯಪಡುವುದು ಅಪರಾಧವೇ? ಹೆದರಿದ ಪ್ರಾಣಿಯ ವಿಷಯದಲ್ಲಿ ಕ್ರೈಸ್ತ ವಿಶ್ವಾಸಿಗೆ ಯಾವುದಾದರೂ ಕರ್ತವ್ಯ ಉಂಟೇ?

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದನ್ನು ಗ್ರಹಿಸಿದರೆ, ನಾಯಿಯ ಕಿವಿ 40,000ಕ್ಕೂ ಮೀರಿದ ಸದ್ದನ್ನು ಗ್ರಹಿಸುತ್ತದೆ. ಇಂದು ಹಬ್ಬವೆಂಬುದು ನಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಬಾಲವನ್ನು ಕಾಲುಗಳ ನಡುವೆ ಮುದುರಿಕೊಳ್ಳುವುದು, ಸೆಕೆಯಿಲ್ಲದಿದ್ದರೂ ಏದುಸಿರು ಬಿಡುವುದು, ಪದೇಪದೇ ಆಕಳಿಸುವುದು, ತುಟಿ ನೆಕ್ಕುವುದು, ನಡುಗುವುದು, ಇವೆಲ್ಲವೂ ಮಾತಿಲ್ಲದ ಜೀವಿಯ ಅಳಲು. 'ತಪ್ಪು ಮಾಡಿದ್ದು ಅದಕ್ಕೇ ಗೊತ್ತು, ಮುಖ ನೋಡಿ' ಎಂದು ನಾವು ಹೇಳುವುದುಂಟು. ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನವು ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿತು. ನಾಯಿಯ ಆ ತಪ್ಪಿತಸ್ಥ ಮುಖಭಾವವು ಅದು ತಪ್ಪು ಮಾಡಿದೆಯೋ ಇಲ್ಲವೋ ಎಂಬುದನ್ನು ಅವಲಂಬಿಸಿರಲಿಲ್ಲ. ಯಜಮಾನನ ಗದರಿಕೆಗೆ ಅದು ತೋರುವ ಪ್ರತಿಕ್ರಿಯೆಯಾಗಿತ್ತು. ನಾವು ಪಶ್ಚಾತ್ತಾಪವೆಂದು ತಿಳಿದದ್ದು, ನಿಜಕ್ಕೂ, ನಮ್ಮ ಸಿಟ್ಟಿನ ಮುಂದೆ ಮುದುಡಿದ ಜೀವ. ಭಯಕ್ಕೆ ಕೊಟ್ಟ ಏಟು ಭಯವನ್ನೇ ಬೆಳೆಸುತ್ತದೆ.

ಭಯವನ್ನು ಕಳೆಯುವುದು ಹೇಗೆ? 1924ರ ಎರಡು ಘಟನೆಗಳು ಇದಕ್ಕೆ ಬೆಳಕು ಚೆಲ್ಲುತ್ತವೆ. ಆ ವರ್ಷದ ಸೆಪ್ಟೆಂಬರಿನಲ್ಲಿ ರಷ್ಯಾದ ಲೆನಿನ್‌ಗ್ರಾಡ್ ನಗರದಲ್ಲಿ, ಅಂದರೆ ಇಂದಿನ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಮಹಾಪ್ರವಾಹ ಉಂಟಾಗಿ ವಿಜ್ಞಾನಿ ಪಾವ್‌ಲೋವ್ ಅವರ ಪ್ರಯೋಗಶಾಲೆಯ ನಾಯಿಗಳ ಗೂಡುಗಳಿಗೆ ನೀರು ನುಗ್ಗಿತು. ನಾಯಿಗಳನ್ನು ನೀರಿನಲ್ಲಿ ಮುಳುಗಿಸಿಯೇ ಗೂಡಿನ ಬಾಗಿಲಿನಿಂದ ಹೊರಗೆಳೆದು ಉಳಿಸಬೇಕಾಯಿತು. ಜೀವ ಉಳಿಯಿತು, ಆದರೆ ಕೆಲವು ನಾಯಿಗಳು ಅದುವರೆಗೆ ಕಲಿತದ್ದನ್ನೆಲ್ಲ ಕಳೆದುಕೊಂಡವು. ಅಂತಹ ಒಂದು ನಾಯಿಯು ಪ್ರಯೋಗದ ಕೋಣೆಯಲ್ಲಿ ಒಂಟಿಯಾಗಿದ್ದಾಗ ಆಹಾರವನ್ನೂ ಮುಟ್ಟುತ್ತಿರಲಿಲ್ಲ. ಅದಕ್ಕೆ ಪರಿಚಿತನಾದ ಪ್ರಯೋಗಕಾರನು ಅದೇ ಕೋಣೆಯಲ್ಲಿ ಬಂದು ಕುಳಿತಾಗ ಅದು ಮೊದಲಿನಂತಾಯಿತು. ಬೇರೆ ಯಾವ ಔಷಧವೂ ಅಲ್ಲ, ನಂಬಿಕೆಗೆ ಪಾತ್ರನಾದ ಒಬ್ಬನ ಸಾನ್ನಿಧ್ಯವೇ ಅದಕ್ಕೆ ಆಸರೆಯಾಯಿತು.

ಅದೇ ವರ್ಷ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ ಮೊಲವನ್ನು ಕಂಡರೆ ಹೆದರುತ್ತಿದ್ದ ಪುಟ್ಟ ಬಾಲಕನೊಬ್ಬನ ಭಯವನ್ನು ಕಳೆದ ಬಗೆಯನ್ನು ಪ್ರಕಟಿಸಿದರು. ಮಗು ಇಷ್ಟದ ತಿನಿಸನ್ನು ತಿನ್ನುವಾಗ ಮೊಲವನ್ನು ದೂರದಲ್ಲಿರಿಸಿ, ಅವನು ಸಹಿಸುವಷ್ಟೇ ಹತ್ತಿರಕ್ಕೆ ದಿನದಿಂದ ದಿನಕ್ಕೆ ತರಲಾಯಿತು. ಕೊನೆಗೆ ಅವನು ಆ ಮೊಲವನ್ನು ಮುದ್ದಿಸಿದನು. ಇಂದು ನಾಯಿಗಳಿಗೂ ತಜ್ಞರು ಹೇಳುವುದು ಇದೇ ಹಾದಿಯನ್ನು. ಹಬ್ಬಕ್ಕೆ ಎಷ್ಟೋ ವಾರಗಳ ಮುಂಚೆಯೇ ಪಟಾಕಿಯ ಧ್ವನಿಮುದ್ರಣವನ್ನು ನಾಯಿ ಹೆದರದಷ್ಟು ಸಣ್ಣಗೆ ಕೇಳಿಸಿ, ಒಡನೆಯೇ ಅದಕ್ಕೆ ಪ್ರಿಯವಾದ ಬೇಯಿಸಿದ ಕೋಳಿಯ ಚೂರನ್ನು ಕೊಡಬೇಕು. ಸದ್ದನ್ನು ಮೆಲ್ಲಮೆಲ್ಲನೆ ಏರಿಸಬೇಕು. ಅದು ತಿನ್ನಲು ನಿರಾಕರಿಸಿದರೆ ನಾವು ಅವಸರಪಟ್ಟಿದ್ದೇವೆಂದು ಅರಿತು ಹಿಂದೆ ಸರಿಯಬೇಕು. ಒಂಟಿತನಕ್ಕೆ ಅಂಜುವ ನಾಯಿಯನ್ನು ಅರ್ಧ ನಿಮಿಷ ಬಿಟ್ಟು ಮರಳಿ, ಬಳಿಕ ಒಂದು ನಿಮಿಷ, ಐದು ನಿಮಿಷ, ಹೀಗೆ ರೂಢಿಸಬೇಕು. ಅಡಗಿ ಕುಳಿತ ನಾಯಿಯನ್ನು ಮಕ್ಕಳು ಎಳೆಯದಂತೆ ನೋಡಿಕೊಳ್ಳಿ. ಹೆದರಿದ ನಾಯಿ ಕಚ್ಚಬಹುದು. ಭಯ ವಿಪರೀತವಾಗಿದ್ದರೆ ಪಶುವೈದ್ಯರನ್ನು ಕಾಣಲೇಬೇಕು.

ಇದರೊಂದಿಗೆ ನಾಯಿಯ ಮನಸ್ಸಿಗೂ ಕೆಲಸ ಬೇಕು. ಹಗಲೆಲ್ಲ ಗಿಡುಗಟ್ಟಿದ ಸರಪಳಿಯಲ್ಲಿರುವ ನಾಯಿಯ ತಳಮಳ ಒಳಗೊಳಗೇ ಬೆಳೆಯುತ್ತದೆ. ಅದಕ್ಕೆ ದುಬಾರಿ ಆಟಿಕೆಗಳೇನೂ ಬೇಕಿಲ್ಲ. ಹಳೆಯ ಗೋಣಿಚೀಲದ ಮಡಿಕೆಗಳಲ್ಲಿ ಚಪಾತಿಯ ಚೂರುಗಳನ್ನು ಬಚ್ಚಿಟ್ಟು ಮೂಸಿ ಹುಡುಕಲು ಬಿಡಿ. ಸಂಜೆ ಅದನ್ನು ಕರೆದೊಯ್ಯುವಾಗ ಹಗ್ಗ ಜಗ್ಗದೆ, ದಾರಿಬದಿಯ ವಾಸನೆಯನ್ನು ಅದರ ಪಾಡಿಗೆ ಅದು ಓದಲಿ. ಮೂಗೇ ಅದರ ಲೋಕ.

'ಹಸಿದ ಮನುಷ್ಯರಿರುವಾಗ ನಾಯಿಗೆ ಇಷ್ಟೆಲ್ಲ ಉಪಚಾರವೇ?' ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ತನ್ನ 2418ನೇ ಪರಿಚ್ಛೇದದಲ್ಲಿ ಎರಡನ್ನೂ ಒಟ್ಟಿಗೆ ಹೇಳುತ್ತದೆ: ಪ್ರಾಣಿಗಳಿಗೆ ವಿನಾಕಾರಣ ನೋವುಂಟುಮಾಡುವುದು ಮಾನವ ಘನತೆಗೆ ವಿರುದ್ಧ, ಮನುಷ್ಯರ ಸಂಕಟ ನೀಗಲು ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ ಸಲ್ಲದು. ಆದರೆ ಮೇಲೆ ಹೇಳಿದ ಆರೈಕೆಯಲ್ಲಿ ಖರ್ಚಾಗುವುದು ಹೆಚ್ಚಾಗಿ ಹಣವಲ್ಲ, ತಾಳ್ಮೆ. ತಾಳ್ಮೆಯು ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆಯಾಗುವ ಧನವಲ್ಲ. ನಾಯಿಯ ಭಯವನ್ನು ಹೊಡೆಯದೆ ಅರ್ಥಮಾಡಿಕೊಂಡ ತಂದೆಯು, ಪರೀಕ್ಷೆಗೆ ಅಂಜುವ ಮಗನ ಮೌನವನ್ನೂ, ಇರುಳಲ್ಲಿ ಬೆಚ್ಚಿ ಕರೆಯುವ ವೃದ್ಧ ತಾಯಿಯ ಕೂಗನ್ನೂ ಬೇರೆ ಕಿವಿಯಿಂದ ಕೇಳಬಲ್ಲನು.

ದೇವರು ಮಾನವನಿಗೆ ಪ್ರಾಣಿಗಳ ಮೇಲೆ ದೊರೆತನವನ್ನು ಕೊಟ್ಟರೆಂದು ಆದಿಕಾಂಡವು ಹೇಳುತ್ತದೆ. ಅದು ನಿರಂಕುಶ ಅಧಿಕಾರವಲ್ಲವೆಂದು ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಸ್ಪಷ್ಟಪಡಿಸಿದರು. ವಿಮೋಚನಾಕಾಂಡದ ಸಬ್ಬತ್ತಿನ ನಿಯಮವು ಎತ್ತು ಕತ್ತೆಗಳ ವಿಶ್ರಾಂತಿಯನ್ನೂ ಮರೆಯಲಿಲ್ಲ. ದೇವರ ದಿನದ ಸಂತೋಷದಲ್ಲಿ ಮನೆಯ ಪ್ರಾಣಿಗೂ ನೆಮ್ಮದಿಯ ಪಾಲು ಉಂಟೆಂದಾಯಿತು.

ಆದ್ದರಿಂದ ನಮ್ಮ ಧರ್ಮಕೇಂದ್ರಗಳ ಹಬ್ಬಗಳಲ್ಲಿ, ಕ್ರಿಸ್ತಜಯಂತಿಯ ರಾತ್ರಿಯಲ್ಲಿ, ನಾವು ಸುಡುವ ಪಟಾಕಿಯ ಬಗ್ಗೆಯೂ ಯೋಚಿಸೋಣ. ಶಾಂತಿಯ ಅರಸನ ಜನನವನ್ನು ಸಾರುವ ಸದ್ದು ಸುತ್ತಲಿನ ಹಸುಗೂಸಿಗೂ ರೋಗಿಗೂ ಮೂಕಜೀವಿಗೂ ದಿಗಿಲಾಗಬೇಕೇ? ಈ ಬಾರಿಯ ಹಬ್ಬದ ಸಿದ್ಧತೆಯ ಸಭೆಯಲ್ಲಿ ಈ ಮಾತನ್ನು ಎತ್ತುವ ಧೈರ್ಯ ನಿಮ್ಮಲ್ಲಿ ಯಾರಿಗಾದರೂ ಬರಲಿ. ಆ ರಾತ್ರಿ ಸದ್ದು ಕೇಳಿಯೇ ಬಂದರೆ, ಕಿಟಕಿ ಮುಚ್ಚಿ, ಒಳಕೋಣೆಯಲ್ಲಿ, ನಡುಗುವ ಆ ಜೀವದ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತಿರಿ.