ಬಿಡುವಿನ ಕೆಲಸ ಅಂದರೆ ಯಾವುದು?

ಒಂದು ವಸ್ತುವನ್ನು ಮಾಡಲು ಕಲಿತವರಿಗೆ ಅದನ್ನು ಕೊಳ್ಳುವುದು ಕಷ್ಟವಾಗುತ್ತದೆ. ದುಡ್ಡಿಲ್ಲ ಅಂತಲ್ಲ, ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದು ಕೈಗೆ ಗೊತ್ತಾಗಿಬಿಟ್ಟಿರುತ್ತದೆ. ಹೈದರಾಬಾದಿಗೆ ಬಂದು ಕ್ರೋಶಾ ಹೊದಿಕೆ ಹೆಣೆಯಲು ಕಲಿತ ಮೇಲೆ ನನ್ನ ಪಾಡು ಹೀಗಾಗಿದೆ.

ಕಲಿಸಿದವರು ಕೆಳಗಿನ ಮನೆಯಾಕೆ. ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದವರು. ನಾನು ಅವರನ್ನು ‘ಪಿನ್ನಿ’ ಅನ್ನುತ್ತೇನೆ, ತೆಲುಗಿನಲ್ಲಿ ಚಿಕ್ಕಮ್ಮ ಅಂತ. ಸಣ್ಣ ಕಡ್ಡಿಯ ಲೇಸು ಅವರಿಗೆ ಹುಟ್ಟೂರಿನ ವಿದ್ಯೆ. ನನಗೆ ಬೇಕಾಗಿದ್ದದ್ದು ‘ಆಫ್ಘನ್’ ಎಂದು ಕರೆಯುವ ಉಲ್ಲನ್ ಹೊದಿಕೆ, ಅದೂ ‘ಟುನೀಶಿಯನ್’ ಎಂಬ ತೊಡಕಿನ ಹೆಣಿಗೆಯಲ್ಲಿ.

ಮಾಮೂಲಿ ಕ್ರೋಶಾದಲ್ಲಿ ಸಾಲು ಮುಗಿದರೆ ಕೆಲಸವನ್ನು ತಿರುಗಿಸಿಕೊಳ್ಳುತ್ತೇವೆ. ಇದರಲ್ಲಿ ಹಾಗಿಲ್ಲ. ಉದ್ದ ಕಡ್ಡಿ ಬೇಕು. ಹೋಗುವಾಗ ಹಿಂದಿನ ಸಾಲಿನ ಒಂದೊಂದು ನೆಟ್ಟನೆಯ ಎಳೆಯಿಂದಲೂ ಒಂದೊಂದು ಕುಣಿಕೆ ಎತ್ತಿ, ಎಲ್ಲವನ್ನೂ ಕಡ್ಡಿಯ ಮೇಲೇ ಉಳಿಸಿಕೊಳ್ಳಬೇಕು. ಬರುವಾಗ, ತಿರುಗಿಸದೆ, ಒಂದೊಂದಾಗಿ ಇಳಿಸುತ್ತಾ ಬರಬೇಕು. ಹೋಗಿ ಬಂದರೆ ಒಂದು ಸಾಲು. ತೊಡಕೆಲ್ಲ ಅಂಚಿನಲ್ಲಿ. ಕೊನೆಯ ಕುಣಿಕೆ ಎತ್ತುವಾಗ ಅಲ್ಲಿರುವ ಎರಡೂ ಎಳೆಗಳ ಕೆಳಗೆ ಕಡ್ಡಿ ಹಾಯಬೇಕು. ಒಂದನ್ನೇ ಹಿಡಿದರೆ ಅಂಚು ಸಡಿಲ. ಆ ಕುಣಿಕೆಯನ್ನೇ ಬಿಟ್ಟರೆ ಹೊದಿಕೆ ಕಿರಿದಾಗುತ್ತಾ ಹೋಗುತ್ತದೆ. ದಾರ ಬಿಗಿಯಾದರೆ ಎಲ್ಲ ಚಾಪೆಯಂತೆ ಸುರುಳಿ ಸುತ್ತಿಕೊಳ್ಳುತ್ತದೆ. ಪಿನ್ನಿ ‘ನೆಮ್ಮದಿಗಾ, ನೆಮ್ಮದಿಗಾ’ ಅನ್ನುತ್ತಿದ್ದರು. ನಮ್ಮ ನೆಮ್ಮದಿ ಅಲ್ಲ ಅದು. ತೆಲುಗಿನಲ್ಲಿ ‘ನಿಧಾನವಾಗಿ’ ಅಂತ ಅರ್ಥ.

100 ಕುಣಿಕೆ ಅಗಲ, 150 ಸಾಲು ಉದ್ದದ ಚಿಕ್ಕ ಹೊದಿಕೆ ಅಂದುಕೊಳ್ಳಿ. 15,000 ಕುಣಿಕೆ. ಎತ್ತುವುದು, ಇಳಿಸುವುದು ಸೇರಿ ಕಡ್ಡಿ 30,000 ಸಲ ಆಡಬೇಕು. ನೇಯ್ಗೆಗೆ ಯಂತ್ರ ಬಂತು, ಸ್ವೆಟರಿಗೂ ಬಂತು. ಕೈಯ ಕ್ರೋಶಾವನ್ನು ಹಾಗೇ ಮಾಡಿಕೊಡುವ ಯಂತ್ರ ಮಾತ್ರ ಕಾರ್ಖಾನೆಗಳಲ್ಲಿ ಬಳಕೆಗೆ ಬಂದಿಲ್ಲ. ಅಂದರೆ ಅಂಗಡಿಯಲ್ಲಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಅದರ ಹಿಂದೆ ಯಾರದೋ ಕೈ ಇದ್ದೇ ಇದೆ.

ಧಾರವಾಡದಿಂದ ಬಂದ ನಮ್ಮ ವೈನಿ ಜೊತೆ ಶಿಲ್ಪಾರಾಮಕ್ಕೆ ಹೋಗಿದ್ದೆ. ಲೇಸಿನ ಮೇಜುವಸ್ತ್ರದ ಬೆಲೆ ಕೇಳಿ ವೈನಿ ಅಂದರು: “ಮನ್ಯಾಗ ಕುಂತು ವ್ಯಾಳ್ಯಾ ಕಳೀಲಿಕ್ಕೆ ಮಾಡ್ತಾರ. ಇದಕ್ಕ ಇಷ್ಟು ರೊಕ್ಕ ಯಾಕ?”

ವೈನಿ ಕೆಟ್ಟವರಲ್ಲ. ಇದು ಎಲ್ಲರ ಬಾಯಲ್ಲೂ ಇರುವ ಮಾತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ನರಸಾಪುರದ ಲೇಸಿನ ಹೆಂಗಸರ ಬಗ್ಗೆ 1982ರಲ್ಲಿ ತಂದ ಪುಸ್ತಕದ ತಿರುಳೂ ಇದೇ: ವಿದೇಶಕ್ಕೆ ಹೋಗುವ ಸರಕು ಮಾಡುವವರನ್ನು ಬರೀ ಗೃಹಿಣಿಯರೆಂದು, ಅವರ ದುಡಿಮೆಯನ್ನು ಬಿಡುವಿನ ಕೆಲಸವೆಂದು ಕರೆದುಬಿಟ್ಟರೆ ಕೂಲಿ ಇಳಿಸುವುದು ಸಲೀಸು.

ಹೆಣೆಯುವುದರಲ್ಲಿ ಖುಷಿ ಇಲ್ಲವೆ? ಇದೆ. ಖುಷಿಯಿಂದ ಹಾಡುವವರಿಗೂ ನಾವು ಸಂಭಾವನೆ ಕೊಡುತ್ತೇವಲ್ಲ. ಹಾಗಾದರೆ ಬಿಡುವಿನ ಕೆಲಸ ಯಾವುದು? ಬೇಡವೆನಿಸಿದಾಗ ಕೆಳಗಿಡಬಹುದಾದದ್ದು. ನನ್ನ ಹೊದಿಕೆ ಮೂರು ತಿಂಗಳು ಬುಟ್ಟಿಯಲ್ಲಿ ಬಿದ್ದಿದ್ದರೂ ಒಲೆ ಉರಿಯಿತು. ಪಿನ್ನಿ ಹರೆಯದಲ್ಲಿ ಏಜೆಂಟ್ ಬರುವ ದಿನಕ್ಕೆ ಎಣಿಸಿ ಕೊಡಬೇಕಿತ್ತು. ಕಡ್ಡಿ ಅದೇ, ಬೆರಳ ಆಟ ಅದೇ. ಆದರೆ ಕೆಲಸ ಒಂದೇ ಅಲ್ಲ.

ಚೌಕಾಸಿ ಬಿಟ್ಟರೆ ನ್ಯಾಯವಾಗುತ್ತದೆಯೆ ಅಂತ ಪಿನ್ನಿಯನ್ನೇ ಕೇಳಿದೆ. ನಕ್ಕರು. “ನೀನು ಹೆಚ್ಚು ಕೊಟ್ಟರೆ ಅದು ನಮ್ಮ ತನಕ ಬರೋದಿಲ್ಲಮ್ಮ. ಕಡಿಮೆ ಮಾಡಿಸಿದರೆ ಮಾತ್ರ ಆ ಕಡಿತ ನೆಟ್ಟಗೆ ನಮ್ಮ ಹತ್ರಾನೇ ಬರುತ್ತೆ.”

ಈ ಮಾತಿಗೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಕೊಳ್ಳುವವಳೊಬ್ಬಳ ಒಳ್ಳೆಯತನದಿಂದ ಇಡೀ ವ್ಯಾಪಾರ ನೆಟ್ಟಗಾಗುವುದಿಲ್ಲ. ಆದರೆ ಕಡಿತ ಕೆಳಗಿನವರ ತನಕ ಹೋಗುತ್ತದೆ ಅಂತ ಗೊತ್ತಾದ ಮೇಲೆ, ಆ ಕಡಿತ ನನ್ನಿಂದ ಶುರುವಾಗಬಾರದು ಅನ್ನುವಷ್ಟನ್ನಾದರೂ ಪಾಲಿಸಬಹುದು. ಊರಿನಲ್ಲಿ ಹಳೆ ಸೀರೆ ಕೊಟ್ಟು ಕೌದಿ ಹೊಲಿಸುವಾಗಲೂ ‘ಹೆಂಗೂ ಕುಂತೇ ಇರ್ತಿ’ ಅನ್ನುವ ಮಾತು ಕೇಳಿಬರುತ್ತದೆ. ಬೆಲೆ ನಮ್ಮ ಕೈಗೆ ಮೀರಿದ್ದರೆ ಮಡಿಚಿಟ್ಟು ಬರೋಣ, ಅದರಲ್ಲಿ ಅವಮಾನವಿಲ್ಲ. ಆದರೆ ಅವರ ಹೊತ್ತಿಗೆ ಬೆಲೆಯಿಲ್ಲ ಅಂತ ಹೇಳಿ ಬರುವುದು ಬೇಡ.