ಸತ್ಯವೂ ಇರಲಿ, ಸವಿಯೂ ಇರಲಿ

ಭಗವದ್ಭಕ್ತರೇ,

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅಂತ ಗಾದೆ ಇದೆ. ಹಾಗಂತ ಸುಳ್ಳು ಹೇಳಿಕೊಂಡು ಎಲ್ಲರಿಗೂ ಬೇಕಾದವರಾಗಿ ಇರಬೇಕೆ? ಶಾಸ್ತ್ರ ಹಾಗೆ ಹೇಳುವುದಿಲ್ಲ.

ಭಗವದ್ಗೀತೆಯ 17ನೇ ಅಧ್ಯಾಯದ 15ನೇ ಶ್ಲೋಕದಲ್ಲಿ ಶ್ರೀಕೃಷ್ಣ ಪರಮಾತ್ಮನು ಮಾತಿನ ತಪಸ್ಸನ್ನು ತಿಳಿಸಿದ್ದಾನೆ. ಮಾತು ಇನ್ನೊಬ್ಬರ ಮನಸ್ಸನ್ನು ಕಲಕಬಾರದು, ಸತ್ಯವಾಗಿರಬೇಕು, ಪ್ರಿಯವಾಗಿರಬೇಕು, ಹಿತವೂ ಆಗಿರಬೇಕು. ನಾಲ್ಕೂ ಒಟ್ಟಿಗೆ ಇರಬೇಕಾದ್ದರಿಂದಲೇ ಅದು ತಪಸ್ಸು.

ಲಂಕೆಯಿಂದ ಮರಳಿದ ಆಂಜನೇಯಸ್ವಾಮಿಯು ಜೀವ ಕೈಯಲ್ಲಿ ಹಿಡಿದು ಕಾದಿದ್ದ ಕಪಿಗಳಿಗೆ ತನ್ನ ಸಾಹಸವನ್ನು ಮೊದಲು ಹೇಳಲಿಲ್ಲ. ಸೀತಾಮಾತೆಯನ್ನು ಕಂಡೆ ಎಂದೇ ಮಾತು ಶುರುಮಾಡಿದ. ತಾಯಿಯ ದುಃಖವನ್ನು ಆಮೇಲೆ ಹೇಳಿದ, ಮುಚ್ಚಿಡಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯುವುದೇ ಮಾತಿನ ಜಾಣತನ.

ಧರ್ಮರಾಯ ಮಾಡಿದ್ದು ಬೇರೆ. ಅಶ್ವತ್ಥಾಮ ಸತ್ತ ಎಂಬುದನ್ನು ದ್ರೋಣರಿಗೆ ಕೇಳುವಂತೆ ಹೇಳಿ, ಆನೆ ಎಂಬುದನ್ನು ಮೆಲ್ಲಗೆ ಅಂದ. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಅಂದೇ ನೆಲಕ್ಕೆ ತಾಗಿತು. ಕೇಳುವವರು ತಪ್ಪು ತಿಳಿಯಲಿ ಎಂದು ಆಡಿದ ಮಾತು, ಅಕ್ಷರ ಸರಿ ಇದ್ದರೂ ಸುಳ್ಳೇ.

ನಮ್ಮ ಮನೆಗಳಲ್ಲಿ ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಹುಡುಗನ ಕುಡಿತ, ಹುಡುಗಿಯ ಕಾಯಿಲೆ ಮುಚ್ಚಿಟ್ಟು ತಾಳಿ ಕಟ್ಟಿಸಿದರೆ ಹಾಳಾಗುವುದು ಎರಡು ಮನೆ. ಊರಿಗೆಲ್ಲ ಸಾರುವುದೂ ಬೇಡ. ಬೀಗರಾಗುವವರನ್ನು ಪಕ್ಕಕ್ಕೆ ಕರೆದು, "ವಿಷಯ ಹೀಗಿದೆ, ಯೋಚನೆ ಮಾಡಿ ಹೇಳಿ" ಅಂದರೆ ಸಾಕು. ಸಂಬಂಧ ತಪ್ಪಿದರೂ ಮರ್ಯಾದೆ ಉಳಿಯುತ್ತದೆ, ಒಂದು ಜೀವ ಕಣ್ಣೀರು ಹಾಕುವುದು ತಪ್ಪುತ್ತದೆ.

ಆಫೀಸಿನ ಕಿಟಕಿಯಲ್ಲಿ ಕೂತು ನಾನು ದಿನಾ ನೋಡುವ ಸಂಗತಿ ಇದು. ರೂಮು ಖಾಲಿ ಇಲ್ಲ ಎಂಬುದು ಒಂದೇ ಸುದ್ದಿ. "ಇಲ್ಲ, ಹೋಗ್ರಿ" ಅಂದರೆ ದೂರದಿಂದ ಬಂದವರ ಮುಖ ಬಾಡುತ್ತದೆ. "ರೂಮೆಲ್ಲಾ ಭರ್ತಿ ಆಗಿದೆ ತಾಯಿ, ಹಾಲಿನಲ್ಲಿ ಚಾಪೆ ಕೊಡಿಸ್ತೀನಿ" ಅಂದರೆ ಅದೇ ಇಲ್ಲ ಎಂಬ ಮಾತಿಗೆ ಸಮಾಧಾನವಾಗುತ್ತಾರೆ. ನೋಡೋಣ, ನೋಡೋಣ ಎಂದು ರಾತ್ರಿವರೆಗೆ ಕೂರಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಅದು ಸವಿಯಾಗಿ ಕಾಣುವ ಮೋಸ.

ಆದ್ದರಿಂದ ಭಕ್ತರೇ, ಹೇಳಲಾಗದೆ ಮನಸ್ಸಿನಲ್ಲೇ ಇಟ್ಟುಕೊಂಡ ಮಾತೊಂದು ಯಾರಿಗಾದರೂ ಇದ್ದರೆ, ಬೆಟ್ಟ ಇಳಿದು ಮನೆ ಸೇರಿದ ಮೇಲೆ ಒಳ್ಳೆ ಹೊತ್ತು ನೋಡಿ, ಸಿಟ್ಟಿಲ್ಲದೆ ಹೇಳಿಬಿಡಿ. ಸ್ವಾಮಿಯು ನಿಮ್ಮೆಲ್ಲರ ನಾಲಿಗೆಯ ಮೇಲೆ ನೆಲೆಸಲಿ.

ಸರ್ವರಿಗೂ ಶುಭವಾಗಲಿ.