‘ಬೇಕೂಂತ ಮಾಡಿದ್ನಾ?’

 

ಪಂಚಶೀಲದ ಐದನೆಯ ಶೀಲವನ್ನು ನಾವು ದಿನವೂ ಹೇಳುತ್ತೇವೆ. ಹೆಂಡ ಸಾರಾಯಿಗಳ ಹೆಸರು ಮುಗಿದ ಮೇಲೆ ಅದರಲ್ಲಿ ‘ಪಮಾದಟ್ಠಾನ’ ಎಂಬ ಮಾತು ಬರುತ್ತದೆ. ಪಮಾದಕ್ಕೆ ಎಡೆ ಮಾಡಿಕೊಡುವಂಥದ್ದು ಎಂದು ಅದರ ಅರ್ಥ. ಕುಡಿತ ಬಿಡಿ ಎಂದು ಬುದ್ಧರು ಹೇಳಿದ್ದು ಕುಡಿತದಿಂದ ಪಮಾದ ಹುಟ್ಟುತ್ತದೆ ಎಂಬ ಕಾರಣಕ್ಕೆ. ಕುಡಿಯದವರ ಮನೆಗೂ ಪಮಾದ ಬರುತ್ತದೆ, ಬೇರೆ ದಾರಿಯಲ್ಲಿ. ನಮ್ಮ ಬಳಗದಲ್ಲಿ ಹೆಚ್ಚಿನವರು ಕುಡಿಯುವವರಲ್ಲ. ಹಾಗಾಗಿ ಈ ಶೀಲವನ್ನು ಸಲೀಸಾಗಿ ಹೇಳಿ ಎದ್ದುಬಿಡುತ್ತೇವೆ. ಇವತ್ತು ಆ ಒಂದು ಪದದ ಹತ್ತಿರ ಸ್ವಲ್ಪ ಹೊತ್ತು ಕೂರೋಣ ಅನ್ನಿಸಿತು. ಕಾರಣ ಈ ಬೇಸಿಗೆ.

ಅದೇ ಪದ ಕನ್ನಡದಲ್ಲಿ ‘ಪ್ರಮಾದ’. ಆದರೆ ನಮ್ಮ ಮಾತಿನಲ್ಲಿ ‘ಪ್ರಮಾದ ಆಗಿಹೋಯ್ತು’ ಅಂದರೆ ದೊಡ್ಡ ತಪ್ಪೊಂದು ನಡೆದುಹೋಯಿತು ಎಂದು. ಪಾಲಿಯ ಪಮಾದ ಅದಕ್ಕಿಂತ ಮುಂಚಿನದು. ಎಚ್ಚರ ತಪ್ಪಿದೆ, ಇನ್ನೂ ಏನೂ ಆಗಿಲ್ಲ, ಆ ಹೊತ್ತಿನ ಮನಸ್ಸಿನ ಸ್ಥಿತಿ ಅದು. ಕಾರಣದ ಹೆಸರನ್ನು ನಾವು ಫಲಕ್ಕೆ ಇಟ್ಟುಬಿಟ್ಟಿದ್ದೇವೆ. ಅದಕ್ಕೇ ಏನಾದರೂ ಸುಟ್ಟು ಬೂದಿಯಾದ ಮೇಲೆ ಮಾತ್ರ ಆ ಪದ ನಮ್ಮ ಬಾಯಿಗೆ ಬರುತ್ತದೆ.

ಈ ಮಾರ್ಚ್ ಮೊದಲ ವಾರ ಬಳಗದ ಹಿರಿಯರೊಬ್ಬರ ತೋಟದಲ್ಲಿ ಹಾಗೇ ಆಯಿತು. ‘ಬರೀರಿ ಮೇಷ್ಟ್ರೇ, ನಾಲ್ಕು ಜನಕ್ಕೆ ಗೊತ್ತಾಗ್ಲಿ, ಹೆಸರೊಂದು ಬ್ಯಾಡ’ ಎಂದು ಅವರೇ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಬ್ಯಾಂಕಿಗೆ ಅಟೆಂಡರಾಗಿ ಸೇರಿ, ಓದಿ ಪರೀಕ್ಷೆ ಕಟ್ಟಿ, ಗುಮಾಸ್ತರಾಗಿ ಹೋದ ವರ್ಷ ನಿವೃತ್ತರಾದವರು. ಚಾಮರಾಜನಗರದ ಆಚೆ ಹತ್ತು ಗುಂಟೆ ಜಮೀನು ಮಾಡಿಕೊಂಡಿದ್ದಾರೆ. ಬೇಲಿಯ ಸಾಲಿಗೆ ಹೊಂಗೆ, ಬೇವು. ಒಳಗೆ ನುಗ್ಗೆ, ಕರಿಬೇವು, ಬಸಳೆ, ಎರಡು ಸಾಲು ಹೀರೆಬಳ್ಳಿ. ಫೆಬ್ರವರಿ ಮಾರ್ಚಿನಲ್ಲಿ ಹೊಂಗೆ ಬೇವು ಎಲೆ ಉದುರಿಸುವುದು ಎಲ್ಲರಿಗೂ ಗೊತ್ತು. ದಿನಾ ಗುಡಿಸಿ ಗುಡ್ಡೆ ಮಾಡಿದ್ದನ್ನು ಒಂದು ಮಧ್ಯಾಹ್ನ ಊಟ ಮಾಡಿ ಬಂದು ಕಡ್ಡಿ ಗೀರಿದರು. ಫೋನು ಬಂತು, ಶೆಡ್ಡಿನ ನೆರಳಿಗೆ ಹೋದರು. ಎರಡು ಗಂಟೆಯ ಗಾಳಿ. ಬೇಲಿಯಾಚೆ ಗೋಮಾಳ, ಮೊಣಕಾಲುದ್ದ ಒಣಹುಲ್ಲು. ಅದರಾಚೆ ನಮ್ಮದೇ ಕೇರಿಯ ಅಂಚು. ಅಂಚಿನ ಮನೆಯಲ್ಲಿ ಎರಡು ಹಸು ಇಟ್ಟುಕೊಂಡು ಬದುಕುವ ತಾಯಿಯೊಬ್ಬರ ರಾಗಿಹುಲ್ಲಿನ ಮೆದೆ. ಮಳೆ ಬಿದ್ದು ಹಸಿರು ಮೇವು ಕಾಣುವ ತನಕ ಆ ಹಸುಗಳಿಗೆ ಇದ್ದದ್ದು ಅದೊಂದೇ. ಅಗ್ನಿಶಾಮಕದವರು ಬಂದರು, ಮನೆಗಳು ಉಳಿದವು. ಮೆದೆ ಉಳಿಯಲಿಲ್ಲ.

ಸಂಜೆ ಹಿರಿಯರು ನನ್ನ ಮುಂದೆ ಕೂತು ಕೇಳಿದ್ದು ಒಂದೇ ಮಾತು: ‘ಅಲ್ಲ ಮೇಷ್ಟ್ರೇ, ನಾನೇನು ಬೇಕೂಂತ ಮಾಡಿದ್ನಾ?’

ಆ ತಾಯಿ ಹೇಳಿದ್ದೂ ಒಂದೇ ಮಾತು: ‘ಬೇಕೂಂತ ಮಾಡ್ಲಿ, ಬ್ಯಾಡ್ದೆ ಮಾಡ್ಲಿ ಕಣಣ್ಣ, ನನ್ ದನ ಏನ್ ತಿಂದವು?’

ಈ ಎರಡು ಪ್ರಶ್ನೆಗಳ ನಡುವೆ ಧಮ್ಮ ಎಲ್ಲಿ ನಿಲ್ಲುತ್ತದೆ? ಚೇತನವೇ ಕಮ್ಮ, ಮನಸ್ಸಿನ ಉದ್ದೇಶವೇ ಕರ್ಮ ಎಂದು ಬುದ್ಧರು ಕಲಿಸಿದರು. ಅಂದಮೇಲೆ ಹಿರಿಯರ ಕಡೆ ನ್ಯಾಯ ಇದೆಯಲ್ಲ ಎಂದು ಬಳಗದಲ್ಲಿ ಒಬ್ಬರು ವಾದಿಸಿದರು. ಧಮ್ಮಪದದ ಅಟ್ಠಕಥೆಯಲ್ಲಿ ಬರುವ ಚಕ್ಖುಪಾಲ ಥೇರರ ಕಥೆಯನ್ನೂ ನೆನಪಿಸಿದರು. ಕಣ್ಣು ಕಳೆದುಕೊಂಡ ಭಿಕ್ಷು ಅವರು. ಮಳೆ ಬಿದ್ದ ನೆಲದ ಮೇಲೆ ಚಂಕ್ರಮಣ ಮಾಡುವಾಗ ಅವರ ಕಾಲಡಿ ಹುಳುಗಳು ಸತ್ತವು. ಉಳಿದ ಭಿಕ್ಷುಗಳು ದೂರು ತಂದರು. ಅವರಿಗೆ ಹುಳು ಕಾಣಲಿಲ್ಲ, ಕೊಲ್ಲುವ ಮನಸ್ಸೂ ಇರಲಿಲ್ಲ, ಆದ್ದರಿಂದ ದೋಷವಿಲ್ಲ ಎಂದರು ಬುದ್ಧರು.

ಕಥೆ ಸರಿ. ಆದರೆ ನಮ್ಮ ಹಿರಿಯರಿಗೆ ಕಣ್ಣಿದೆ. ಹುಲ್ಲು ಒಣಗಿರುವುದು ಕಂಡಿತ್ತು, ಗಾಳಿ ಮೈಗೆ ತಾಗುತ್ತಿತ್ತು. ಚಕ್ಖುಪಾಲರ ಕಥೆಯನ್ನು ಕಣ್ಣಿದ್ದವರು ಅಡ್ಡ ಹಿಡಿಯುವುದು ನನಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ನಮಗೆ ಹೊಂದುವುದು ಮಗ ರಾಹುಲನಿಗೆ ಬುದ್ಧರು ಕೊಟ್ಟ ಉಪದೇಶ. ಕನ್ನಡಿ ಇರುವುದು ಯಾತಕ್ಕೆ ಎಂದು ಕೇಳಿ, ಕೆಲಸಕ್ಕೆ ಮುಂಚೆ, ಕೆಲಸ ನಡೆಯುವಾಗ, ಕೆಲಸ ಮುಗಿದ ಮೇಲೆ ಮೂರು ಸಲ ನೋಡಿಕೋ, ಇದರಿಂದ ನಿನಗೆ ನೋವಾಗುತ್ತದೆಯೇ, ಇನ್ನೊಬ್ಬರಿಗೆ ನೋವಾಗುತ್ತದೆಯೇ ಎಂದು ಕೇಳಿಕೋ ಎಂದರು. ಅಲ್ಲಿ ಬರುವ ಪ್ರಶ್ನೆ ಉದ್ದೇಶದ ಬಗ್ಗೆ ಮಾತ್ರ ಅಲ್ಲ, ಆಗುವ ಪರಿಣಾಮದ ಬಗ್ಗೆಯೂ. ಹಿರಿಯರು ಬೆಂಕಿ ಇಟ್ಟ ಕಿಡಿಗೇಡಿ ಅಲ್ಲ. ಆ ಪಾಪ ಅವರದಲ್ಲ. ಆದರೆ ನೋಡಬಹುದಾಗಿದ್ದನ್ನು ನೋಡದೆ ಬಿಟ್ಟದ್ದು ಅವರದೇ, ಮೆದೆಯ ಲೆಕ್ಕವೂ ಅವರದೇ. ಎರಡನ್ನೂ ಒಟ್ಟಿಗೆ ಹೇಳಲು ನಮಗೆ ಬರಬೇಕು.

ಮಾರನೆಯ ದಿನ ಯಾರೋ ಗುಂಪಿನಲ್ಲಿ ‘ಆಕಸ್ಮಿಕ ಬೆಂಕಿ’ ಎಂದು ಫೋಟೋ ಹಾಕಿದರು. ಕನ್ನಡ ಮೇಷ್ಟ್ರ ಚಾಳಿ, ಹೇಳಿಬಿಡುತ್ತೇನೆ: ‘ಅಕಸ್ಮಾತ್’ ಅಂದರೆ ಯಾವುದರಿಂದಲೂ ಅಲ್ಲದೆ, ಕಾರಣವೇ ಇಲ್ಲದೆ ಎಂದು. ಪ್ರತೀತ್ಯ ಸಮುತ್ಪಾದವನ್ನು ಒಪ್ಪಿದವರು ಬಳಸಲು ಕಷ್ಟವಾದ ಪದ. ಒಣಹುಲ್ಲು ಇತ್ತು, ಗಾಳಿ ಇತ್ತು, ಕಡ್ಡಿ ಇತ್ತು, ಕಾಯುವವರು ಇರಲಿಲ್ಲ. ಇಷ್ಟು ಸೇರಿದರೆ ಬೆಂಕಿ. ಒಂದನ್ನು ತೆಗೆದರೂ ಆಗುತ್ತಿರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಈ ಮನುಷ್ಯ ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಂಜೆ ಕ್ಯಾಶ್ ಟ್ಯಾಲಿ ಆಗದೆ ಕುರ್ಚಿ ಬಿಟ್ಟು ಎದ್ದವರಲ್ಲ. ಹತ್ತು ರೂಪಾಯಿ ಹೆಚ್ಚುಕಮ್ಮಿಗೆ ರಾತ್ರಿ ಎಂಟರವರೆಗೆ ಕೂತವರು. ಅಂಥವರು ಉರಿಯುವ ಗುಡ್ಡೆ ಬಿಟ್ಟು ಹೇಗೆ ಹೋದರು? ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲ್ಲಿ ಮೇಲೊಬ್ಬ ಇದ್ದ ಮೇಷ್ಟ್ರೇ, ಇಲ್ಲಿ ಯಾರಿದ್ದಾರೆ?’ ಅಂದರು.

ಈ ಮಾತು ಅವರೊಬ್ಬರದಲ್ಲ. ಎಚ್ಚರ ಅನ್ನುವುದು ನಮ್ಮ ಜನಕ್ಕೆ ಬಂದದ್ದೇ ಯಜಮಾನನ ಭಯವಾಗಿ. ನಮ್ಮ ತಾತಂದಿರು ತೋಟಿಗಳಾಗಿ ಊರು ಕಾದರು, ನೀರಗಂಟಿಗಳಾಗಿ ಕೆರೆಯ ತೂಬು ಕಾದರು, ಕಣದಲ್ಲಿ ಮಲಗಿ ಇನ್ನೊಬ್ಬರ ರಾಗಿ ಕಾದರು. ನಿದ್ದೆಗೆಟ್ಟದ್ದು ಪೂರ್ತಿ ಇನ್ನೊಬ್ಬರ ಸೊತ್ತಿಗೆ. ಜೀತ ಪದ್ಧತಿ ರದ್ದಾದ ಕಾಯಿದೆ ಬಂದದ್ದು 1976ರಲ್ಲಿ, ನನ್ನ ತಲೆಮಾರು ಹುಟ್ಟುವ ಆಸುಪಾಸಿನಲ್ಲಿ. ಜೀತದವನಿಗೆ ವಯೋನಿವೃತ್ತಿ ಇರಲಿಲ್ಲ, ಮೈ ಬಿದ್ದಾಗಲೇ ನಿವೃತ್ತಿ. ವಾನಪ್ರಸ್ಥ ಎಂದು ಶಾಸ್ತ್ರದಲ್ಲಿ ಬರೆದಿಟ್ಟದ್ದು ದ್ವಿಜರ ಮುಪ್ಪಿಗೆ, ನಮ್ಮ ಮುಪ್ಪಿಗೆ ಅದರಲ್ಲಿ ಜಾಗ ಇರಲಿಲ್ಲ. ಅರವತ್ತಕ್ಕೆ ಹಾರ ಹಾಕಿಸಿಕೊಂಡು, ಪಿಂಚಣಿ ಪುಸ್ತಕ ಹಿಡಿದು ಮನೆಗೆ ಬಂದ ಮೊದಲ ತಲೆಮಾರು ನಮ್ಮಲ್ಲಿ ಈಗಿನ ಹಿರಿಯರದು. (2006ರ ಏಪ್ರಿಲ್ ನಂತರ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದ ನನ್ನಂಥವರಿಗೆ ಆ ಹಳೆಯ ಪಿಂಚಣಿಯೂ ಇಲ್ಲ, ಅದು ಬೇರೆ ಕಥೆ.) ಬಾಬಾಸಾಹೇಬರು 65ನೇ ವಯಸ್ಸಿಗೆ, ಕೈಯಲ್ಲಿ ಬರವಣಿಗೆ ಇರುವಾಗಲೇ ತೀರಿಕೊಂಡರು, ನಮಗೆಂಥ ವಿಶ್ರಾಂತಿ ಎಂದು ಕೆಲವರು ಕೇಳುತ್ತಾರೆ. ಅವರು ಹಾಗೆ ದುಡಿದದ್ದರಿಂದಲೇ ಈ ಅಣ್ಣಂದಿರು ಅಕ್ಕಂದಿರು ನುಗ್ಗೆಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂರುವಂತಾಯಿತು. ಕೂರಲಿ, ಅದರಲ್ಲಿ ನಾಚಿಕೆ ಪಡುವುದೇನಿಲ್ಲ.

ಆದರೆ ಯಜಮಾನ ಹೋದ ದಿನ ಎಚ್ಚರವೂ ಅವನ ಹಿಂದೆ ಹೋದರೆ, ಅದು ನಮ್ಮದಾಗಿರಲಿಲ್ಲ ಅಂತಲೇ ಅಲ್ಲವೇ? ಬುದ್ಧರು ಪರಿನಿಬ್ಬಾಣಕ್ಕೆ ಮುಂಚೆ ಭಿಕ್ಷುಗಳಿಗೆ ಕೊನೆಯದಾಗಿ ಒಪ್ಪಿಸಿದ್ದು ಅಪ್ಪಮಾದವನ್ನು. ಇನ್ನು ಮುಂದೆ ಗುರು ಎದುರಿಗೆ ಇರುವುದಿಲ್ಲ, ಕೇಳುವವರು ಯಾರೂ ಇರುವುದಿಲ್ಲ ಎಂಬ ಹೊತ್ತಿನಲ್ಲೇ ಆ ಮಾತು ಬಂದದ್ದು. ನಿವೃತ್ತರಾದವರು ಇದನ್ನು ಹೊಸದಾಗಿ ಓದಬೇಕು ಅನ್ನಿಸುತ್ತದೆ.

ಎಲೆ ಸುಡುವುದರ ಹಿಂದೆ ಇನ್ನೂ ಒಂದು ಸಂಗತಿ ಇದೆ. ಇನ್ನೊಬ್ಬರ ಹೊಲಸು ಬಾಚುವುದನ್ನೇ ನಮ್ಮ ಹಣೆಬರಹ ಮಾಡಿದ್ದ ಸಮಾಜ ಇದು. ಅಲ್ಲಿಂದ ಬಂದವರಿಗೆ ಸ್ವಂತ ಅಂಗಳದಲ್ಲಿ ಒಂದು ತರಗೆಲೆ ಇರಬಾರದು ಎಂಬ ಛಲ. ಯಾರಾದರೂ ಬಂದು ಮೂಗು ಮುರಿಯಬಾರದು. ಆ ಛಲ ನನಗೆ ಅರ್ಥವಾಗುತ್ತದೆ, ನಮ್ಮವ್ವನೂ ಹಾಗೇ ಇದ್ದಳು. ಆದರೆ ತರಗೆಲೆ ಕಸ ಅಲ್ಲ. ಬೇಸಿಗೆಯಲ್ಲಿ ಗಿಡದ ಬುಡಕ್ಕೆ ಎರಡು ಬೆರಳು ದಪ್ಪ ತರಗು ಹೊದಿಸಿ ಸಂಜೆ ನೀರು ಕೊಟ್ಟರೆ ತೇವ ಮಾರನೆಯ ದಿನವೂ ಇರುತ್ತದೆ. ಮಿಕ್ಕದ್ದಕ್ಕೆ ಮೂರಡಿ ಗುಂಡಿ, ಒಂದು ಪದರ ಎಲೆ, ಒಂದು ಪದರ ಸಗಣಿ ನೀರು, ಮೇಲೆ ಮಣ್ಣು. ಗುಡ್ಡೆಯ ಕೆಳಗೆ ಹಾವುರಾಣಿ, ಕಪ್ಪೆ, ಸಹಸ್ರಪದಿ ತಂಪಿಗೆ ಸೇರಿಕೊಂಡಿರುತ್ತವೆ. ಜೀವಿಗಳಿರುವ ಹೊಟ್ಟನ್ನು ಸುಡಬಾರದು, ಕಾರಣವಿಲ್ಲದೆ ಕಾಡಿಗೆ ಬೆಂಕಿ ಇಡಬಾರದು ಎಂದು ಅಶೋಕ ತನ್ನ ಐದನೆಯ ಸ್ತಂಭ ಶಾಸನದಲ್ಲಿ ಕೆತ್ತಿಸಿದ್ದು ಇಂಥವುಗಳನ್ನು ನೆನೆದೇ.

ಹಾಗಂತ ಬೆಂಕಿಯೇ ಶತ್ರು ಅಂತಲ್ಲ. ವಿನಯಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗ ಇದೆ. ಕೆಲವು ಭಿಕ್ಷುಗಳು ಕಾಡಿಗೆ ಬೆಂಕಿ ಇಟ್ಟರು, ಜನ ಬೈದರು, ಇನ್ನು ಹಾಗೆ ಮಾಡಬಾರದೆಂದು ಬುದ್ಧರು ನಿಯಮ ಮಾಡಿದರು. ಆಮೇಲೆ ವಿಹಾರಗಳ ಸುತ್ತ ಹುಲ್ಲು ಬೆಳೆಯಿತು. ಕಾಡ್ಗಿಚ್ಚು ಬಂದಾಗ ವಿಹಾರಗಳು ಸುಟ್ಟವು. ನಿಯಮಕ್ಕೆ ಹೆದರಿ ಭಿಕ್ಷುಗಳು ಎದುರು ಬೆಂಕಿ ಹಾಕಲಿಲ್ಲ. ಆಗ ಬುದ್ಧರು, ಕಾಡ್ಗಿಚ್ಚು ಬರುತ್ತಿರುವಾಗ ಎದುರು ಬೆಂಕಿ ಹಾಕಿ ತಡೆಯಬಹುದು, ರಕ್ಷಣೆ ಮಾಡಿಕೊಳ್ಳಬಹುದು ಎಂದು ಅನುಮತಿ ಕೊಟ್ಟರು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ‘ತರಗು ಬೆಂಕಿ’ಯೂ ಇದೇ ಜಾತಿಯ ವಿವೇಕ. ಬೇಸಿಗೆ ಬಲಿಯುವ ಮುಂಚೆ, ಇಬ್ಬನಿಯ ತೇವ ಇರುವಾಗಲೇ, ನೆಲದ ತರಗನ್ನು ಮಾತ್ರ ಸಣ್ಣಗೆ ಸುಡುತ್ತಿದ್ದರು. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಅದು ನಿಂತಿತು, ಲಂಟಾನ ಹಬ್ಬಿತು ಎನ್ನುತ್ತಾರೆ ಸೋಲಿಗ ಹಿರಿಯರು. ಅವರ ಕಾಲ ಯಾವುದು, ಗಾಳಿ ಯಾವುದು ಎಂಬ ತಿಳಿವಳಿಕೆಯನ್ನೂ ಎರಡು ಗಂಟೆ ಮಧ್ಯಾಹ್ನದ ಒಂದು ಕಡ್ಡಿಯನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಹಿರಿಯರು ಎರಡು ಟ್ರ್ಯಾಕ್ಟರ್ ಲೋಡು ರಾಗಿಹುಲ್ಲು ಕೊಂಡು ಆ ತಾಯಿಯ ಹಿತ್ತಿಲಿಗೆ ಇಳಿಸಿದರು. ದುಡ್ಡು ಕೊಡಲು ಹೋದಾಗ ಆಕೆ ತೆಗೆದುಕೊಂಡಿರಲಿಲ್ಲ, ಹುಲ್ಲು ತೆಗೆದುಕೊಂಡರು. ಮಾತು ಇನ್ನೂ ಅಷ್ಟಕ್ಕಷ್ಟೇ. ಧಮ್ಮ ಇರುವುದು ಮನುಷ್ಯ ಮನುಷ್ಯರ ನಡುವೆ, ಒಬ್ಬನೇ ಇರುವವನಿಗೆ ಧಮ್ಮದ ಅಗತ್ಯವಿಲ್ಲ ಎಂದು ಬಾಬಾಸಾಹೇಬರು ವಿವರಿಸಿದ್ದಾರೆ. ಹತ್ತು ಗುಂಟೆಗೆ ಬೇಲಿ ಹಾಕಿದ ಮೇಲೆ ಒಬ್ಬರೇ ಇದ್ದೇವೆ ಅನ್ನಿಸುವುದು ಸಹಜ. ಬೇಲಿಯಾಚೆಯ ಹುಲ್ಲು ಹಾಗೆ ತಿಳಿದಿರುವುದಿಲ್ಲ.

ಬಳಗದ ಇನ್ನೊಬ್ಬ ಅಣ್ಣ, ಬಸ್ ಚಾಲಕರಾಗಿದ್ದವರು, ನಿವೃತ್ತರಾಗಿ ಎಂಟು ತಿಂಗಳಾದರೂ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗಿ ಏನು ಮಾಡುವುದೆಂದು ತಿಳಿಯದೆ ಕೂತಿರುತ್ತಿದ್ದರು. ಈಗ ಅವರು ದಿನಾ ಸಂಜೆ ಗೋಮಾಳದ ಅಂಚಿನಲ್ಲಿ ಒಂದು ಸುತ್ತು ಹಾಕುತ್ತಾರೆ. ಬೀಡಿ ಎಸೆದವರನ್ನು ಕರೆದು ಮಾತಾಡಿಸುತ್ತಾರೆ. ಆರಿದಂತೆ ಕಾಣುವ ಬೂದಿಯನ್ನು ಕೋಲಿನಲ್ಲಿ ಕೆದಕಿ, ನೀರು ಹಾಕಿ, ಮತ್ತೆ ಕೆದಕುತ್ತಾರೆ. ಬೂದಿ ಮುಚ್ಚಿದ ಕೆಂಡ ಎಂಬ ಮಾತು ಅವರಿಗೆ ಪಾಠ ಮಾಡಬೇಕಾಗಿಲ್ಲ.

ಈ ಭಾನುವಾರ ವಂದನೆ ಬೆಳಿಗ್ಗೆ ಆರಕ್ಕೇ ಮುಗಿಸಿ, ಕೇರಿಗೂ ಗೋಮಾಳಕ್ಕೂ ನಡುವೆ ಹತ್ತಡಿ ಅಗಲಕ್ಕೆ ಹುಲ್ಲು ಕೊಯ್ದು ನೆಲ ಕೆರೆಯುವುದೆಂದು ತೀರ್ಮಾನವಾಗಿದೆ. ಕೊಯ್ದ ಹುಲ್ಲು ಸುಡುವುದಿಲ್ಲ, ಗುಂಡಿಗೆ ಹೋಗುತ್ತದೆ. ಕುಡುಗೋಲು, ಗುದ್ದಲಿ ಇದ್ದವರು ತನ್ನಿ. ನಿವೃತ್ತರು ಬಿಸಿಲೇರುವ ಮುಂಚೆ, ಎಂಟೂವರೆಗೆ ಮನೆಗೆ ಹೋಗಬಹುದು. ಬೆಂಕಿ ಕಂಡರೆ 101 ಅಥವಾ 112ಕ್ಕೆ ಕರೆ ಮಾಡಿ, ಆಮೇಲೆ ಗುಂಪಿಗೆ ಫೋಟೋ ಹಾಕಿ.

ಜೈ ಭೀಮ್.